ಹೊಟ್ಟೆ ತುಂಬ್ತಿತ್ತು, ಊಟ ಆಗ್ತಿರ್ಲಿಲ್ಲ

ರಾತ್ರಿ ಮೂರು ಗಂಟೆಗೆ ಎಚ್ಚರ ಆಗೋದು. ದಿನಾ, ಹತ್ತು ನಿಮಿಷ ಹಿಂದೆ ಮುಂದೆ, ಅದೇ ಮೂರು ಗಂಟೆ. ಎದೆ ಡವಡವ ಅನ್ನೋದು, ಪಾದ ಎರಡೂ ಐಸ್ ಆಗಿರೋದು, ಎರಡು ರಗ್ಗು ಹೊದ್ರೂ ಚಳಿ, ಅದೂ ಬೆಂಗಳೂರಲ್ಲಿ ಏಪ್ರಿಲ್ ತಿಂಗಳಲ್ಲಿ. ಎದ್ದು ಅಡುಗೆಮನೆಗೆ ಹೋಗಿ, ಲೈಟೂ ಹಾಕ್ದೆ ಕತ್ತಲಲ್ಲೇ ಡಬ್ಬಿ ತಡಕಾಡಿ ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಂಡು ನೀರು ಕುಡಿದ್ರೆ ಅರ್ಧ ಗಂಟೆಲಿ ಮತ್ತೆ ನಿದ್ದೆ ಹತ್ತೋದು. ಟೆನ್ಷನ್ ಇರ್ಬೇಕು, ಆಫೀಸಿಂದು, ಅಂತ ಐದಾರು ತಿಂಗಳು ನಾನು ಅಂದ್ಕೊಂಡಿದ್ದೆ. ಹಸಿವು ಅಂತ ಒಂದು ಸಲಾನೂ ಹೊಳೀಲಿಲ್ಲ, ಯಾಕಂದ್ರೆ ನಾನು ಹಸ್ಕೊಂಡು ಮಲಗ್ತಾನೇ ಇರ್ಲಿಲ್ಲ. ಮಲಗೋ ಹೊತ್ತಿಗೆ ಹೊಟ್ಟೆ ಬಿರಿಯೋ ಹಂಗೆ ತುಂಬಿರ್ತಿತ್ತು.

ನಾನು ಹಾಲು ಬಿಟ್ಟು ನಾಲ್ಕು ವರ್ಷ ದಾಟ್ತು. ಮಾಂಸ ಮೊಟ್ಟೆ ನಮ್ಮನೇಲಿ ಮೊದ್ಲಿಂದನೂ ಇರ್ಲಿಲ್ಲ, ಹಾಗಾಗಿ ನಂಗೆ ವೀಗನ್ ಆಗೋದು ಅಂದ್ರೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪ ಬಿಡೋದು, ಅಷ್ಟೇ. ಯಾಕ್ ಬಿಟ್ಟೆ ಅಂತ ಕೇಳೋರಿಗೆ ಒಂದೇ ಉತ್ತರ. ತಿಪಟೂರು ಹತ್ರ ನಮ್ಮೂರು, ಮನೇಲಿ ಎರಡು ಸೀಮೆಹಸು. ಆ ವರ್ಷ ದಸರಾಗೆ ಹೋಗಿದ್ದಾಗ ಹದಿನೈದು ದಿನದ ಗಂಡು ಕರು ಒಂದನ್ನ ಟೆಂಪೋದಲ್ಲಿ ಹಾಕ್ಕೊಂಡು ಹೋದ್ರು, ಅದರ ತಾಯಿ ಎರಡು ದಿನ ಕೊಟ್ಟಿಗೆ ಬಾಗಿಲ ಕಡೆಗೇ ಮುಖ ಮಾಡ್ಕೊಂಡು ಅರಚ್ತು, ಮೂರನೇ ದಿನ ಬೆಳಿಗ್ಗೆ ಅಮ್ಮ ಅದೇ ಹಸುವಿನ ಹಾಲಲ್ಲಿ ಕಾಫಿ ಮಾಡಿ ಕೊಟ್ಟಾಗ ಗಂಟಲಲ್ಲಿ ಇಳೀಲಿಲ್ಲ. ಅಪ್ಪಂದು ತಪ್ಪು ಅಂತ ನಾನು ಹೇಳಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂದ್ಮೇಲೆ ಗಂಡು ಕರು ಸಾಕ್ಕೊಂಡು ಕೂರೋ ಶಕ್ತಿ ನಮ್ಮಂಥ ಸಣ್ಣ ರೈತರಿಗಿಲ್ಲ. ಆದ್ರೆ ನನ್ನ ಪಾಲಿನ ಲೋಟನ ನಾನು ಕೆಳಗಿಡಬಹುದಲ್ವಾ, ಇಟ್ಟೆ. ಆ ನಿರ್ಧಾರದ ಬಗ್ಗೆ ಇವತ್ತಿನವರೆಗೂ ಒಂದು ದಿನ ಅನುಮಾನ ಬಂದಿಲ್ಲ.

ಆದ್ರೆ ಆ ಲೋಟದಲ್ಲಿ ಏನಿತ್ತು ಅಂತ ನಾನು ಯೋಚ್ನೆ ಮಾಡಿರ್ಲಿಲ್ಲ. ಕ್ಯಾಲ್ಸಿಯಂ ಅಂತ ಗೊತ್ತಿತ್ತು, ಅದಕ್ಕೆ ರಾಗಿ ಇದೆ, 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೇಲೇನೇ ಇರುತ್ತೆ, ಎಳ್ಳು ಇದೆ, ಸೊಪ್ಪಿದೆ. ಬಿ12 ಅಂತ ಗೊತ್ತಿತ್ತು, ಅದಕ್ಕೆ ಮಾತ್ರೆ (ಇದರಲ್ಲಿ ಚರ್ಚೆನೇ ಬೇಡ, ವೀಗನ್ ಆಗಿರೋರು ಬಿ12 ತಗೊಳ್ಳಲೇಬೇಕು, ಇಡ್ಲಿ ಹಿಟ್ಟು ಹುಳಿ ಬಂದ್ರೆ ಅದ್ರಲ್ಲೇ ಸಿಗುತ್ತೆ ಅನ್ನೋದನ್ನ ನಂಬ್ಕೊಂಡು ಕೂತ್ರೆ ಮುಂದೆ ನರಗಳಿಗೆ ತೊಂದ್ರೆ ಆಗುತ್ತೆ). ಪ್ರೋಟೀನ್ ಅಂತೂ ಕೇಳಬೇಡಿ, ಹಾಲು ಬಿಟ್ಟೆ ಅಂದ್ರೆ ಸಾಕು ಸಿಕ್ಕಿದವ್ರೆಲ್ಲ ಕೇಳೋದು ಅದೊಂದೇ, ಪ್ರೋಟೀನ್ ಎಲ್ಲಿಂದ ಬರುತ್ತೆ ಪ್ರೋಟೀನ್ ಎಲ್ಲಿಂದ ಬರುತ್ತೆ ಅಂತ, ಅದಕ್ಕೆ ಹೆದರಿ ಒಂದು ಡಬ್ಬಿ ಬಟಾಣಿ ಪ್ರೋಟೀನ್ ಪುಡಿ ತಂದಿಟ್ಕೊಂಡಿದ್ದೆ. ಒಟ್ಟು ಎಷ್ಟು ತಿಂತೀಯ ಅಂತ ಮಾತ್ರ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಕೊಳ್ಳಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕ್ದಾಗ ಗೊತ್ತಾಗಿದ್ದು ಇದು. ದಿನಕ್ಕೆರಡು ಕಾಫಿ, ಎರಡಕ್ಕೂ ಸೇರಿ ಒಂದು ಲೋಟ ಹಾಲು, 130 ಕ್ಯಾಲೊರಿ ಆಸುಪಾಸು. ಮಧ್ಯಾಹ್ನ ಒಂದು ಬಟ್ಟಲು ಮೊಸರು, 120. ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಒಂದೊಂದು ಚಮಚ ತುಪ್ಪ, ಗ್ರಾಮಿಗೆ 9ರ ಲೆಕ್ಕದಲ್ಲಿ ಮೂರು ಚಮಚಕ್ಕೆ 135. ಮಲಗೋ ಮುಂಚೆ ಇನ್ನೊಂದು ಲೋಟ ಹಾಲು, ಇನ್ನೊಂದು 130. ಕೂಡಿದ್ರೆ 500 ದಾಟುತ್ತೆ. ಇದ್ಯಾವುದನ್ನೂ ನಾನು ಊಟ ಅಂತ ಎಣಿಸೇ ಇರ್ಲಿಲ್ಲ. ಕುಡಿದಿದ್ದು, ಮೇಲೆ ಹಾಕ್ಕೊಂಡಿದ್ದು, ಕಲಸ್ಕೊಂಡಿದ್ದು, ಅಷ್ಟೇ. ಬಿಟ್ಟಾಗ ತಟ್ಟೆ ಖಾಲಿಯಾದ ಹಂಗೂ ಕಾಣ್ಲಿಲ್ಲ.

ಅದರ ಜಾಗಕ್ಕೆ ನಾನು ತಂದಿದ್ದೇನು ಅಂದ್ರೆ ತರಕಾರಿ. ಗಿಡದ ಊಟ ಅಂದ್ರೆ ಹಸಿರು ಅಂತ ತಲೇಲಿ ಕೂತ್ಬಿಟ್ಟಿತ್ತು. ಆ ದಿನಗಳಲ್ಲಿ ಓದಿದ್ದೂ ನೋಡಿದ್ದೂ ಎಲ್ಲ ಹಂಗೇ ಇತ್ತು, ಎಣ್ಣೆ ಬೇಡ, ಕಾಯಿ ಬೇಡ, ಆವಿಯಲ್ಲಿ ಬೇಯ್ಸಿ, ಹಸಿ ತಿನ್ನಿ. ಬೆಳಿಗ್ಗೆ ಎರಡು ಇಡ್ಲಿ ಚಟ್ನಿ ಇಲ್ದೆ ಬರೀ ಸಾಂಬಾರು, ಮಧ್ಯಾಹ್ನ ಒಂದು ಪುಟ್ಟ ಮುದ್ದೆ, ಸೊಪ್ಪಿನ ಸಾರು, ಒಂದು ದೊಡ್ಡ ಬೋಗುಣಿ ಸೌತೆಕಾಯಿ ಕ್ಯಾರೆಟ್ ಟೊಮೆಟೊ, ಸಂಜೆ ಕಲ್ಲಂಗಡಿನೋ ಪಪ್ಪಾಯನೋ, ರಾತ್ರಿ ಎಣ್ಣೆ ಸವರ್ದೆ ಎರಡು ಫುಲ್ಕ, ಎಣ್ಣೆ ಇಲ್ಲದ ಪಲ್ಯ, ಮತ್ತೆ ಸೌತೆಕಾಯಿ. ನೋಡೋಕೆ ಎಷ್ಟು ಚೆಂದ ಇರ್ತಿತ್ತು ಅಂದ್ರೆ ತಟ್ಟೆ ಫೋಟೊ ತೆಗೆದು ಅಕ್ಕಂಗೆ ಕಳಿಸ್ತಿದ್ದೆ. ಡಿಸೆಂಬರಿಂದ ಓಟ ಬೇರೆ ಶುರು ಮಾಡಿದ್ದೆ, ಕಬ್ಬನ್ ಪಾರ್ಕಲ್ಲಿ ವಾರಕ್ಕೆ ನಾಲ್ಕು ದಿನ ಆರಾರು ಕಿಲೋಮೀಟರ್.

ತೂಕ ಇಳೀತಾ ಹೋಯ್ತು. 55 ಇದ್ದಿದ್ದು ಆಗಸ್ಟ್ ಹೊತ್ತಿಗೆ 47. ಮತ್ತೆ, ಇದನ್ನ ಹೇಳ್ಲೇಬೇಕು, ಎಲ್ರೂ ಹೊಗಳಿದ್ರು. ಆಫೀಸಲ್ಲಿ, ಮದುವೆ ಮನೇಲಿ, ಲಿಫ್ಟಲ್ಲಿ, ಎಷ್ಟು ಸಣ್ಣ ಆಗಿದ್ದೀಯ, ಏನ್ ಮಾಡ್ತಿದ್ದೀಯ ನಮಗೂ ಹೇಳು ಅಂತ. ಕೂದಲು ಬಾಚಣಿಗೇಲಿ ಕಟ್ಟುಕಟ್ಟಾಗಿ ಬರ್ತಿದ್ದಿದ್ದು, ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ ಬರ್ತಿದ್ದಿದ್ದು, ಸುಮ್ಮಸುಮ್ನೆ ಅಳು ಬರ್ತಿದ್ದಿದ್ದು ಇವ್ಯಾವುದೂ ಅವ್ರಿಗೆ ಕಾಣೋ ಅಂಥದ್ದಲ್ಲ. ಹೆಣ್ಣುಮಗಳು ಕರಗ್ತಾ ಹೋದ್ರೆ ನಮ್ ಜನಕ್ಕೆ ಅದು ಯಾಕೆ ಒಳ್ಳೇ ಸುದ್ದಿ ಆಗುತ್ತೋ ನಂಗೆ ಇವತ್ತಿಗೂ ಸಂಕಟ. ಅಮ್ಮ ಒಬ್ರೇ ಕೈ ಹಿಡ್ಕೊಂಡು ಮಣಿಕಟ್ಟು ನೋಡಿ, ಬಳೆ ಮೊಣಕೈವರೆಗೆ ಜಾರ್ತಿದೆಯಲ್ಲೇ ಅಂದಿದ್ದು.

ಏಪ್ರಿಲಿಂದ ಮುಟ್ಟು ನಿಂತಿತ್ತು. ಒಂದು ತಿಂಗಳು ಹೆಚ್ಚುಕಮ್ಮಿ ಆಗುತ್ತೆ ಅಂತ ಬಿಟ್ಟೆ, ಎರಡು ಆಯ್ತು, ನಾಲ್ಕು ಆಯ್ತು. ಮೊದ್ಲು ತೋರಿಸಿದ ಡಾಕ್ಟರು ವೀಗನ್ ಅನ್ನೋ ಪದ ಕಿವಿಗೆ ಬಿದ್ದ ತಕ್ಷಣ ಪೆನ್ನು ಕೆಳಗಿಟ್ಟು, ಹಾಲು ಕುಡೀರಿ ಎಲ್ಲ ಸರಿಹೋಗುತ್ತೆ ಅಂದ್ರು. ಎರಡನೇವ್ರು ಥೈರಾಯ್ಡ್, ಸ್ಕ್ಯಾನಿಂಗು ಎಲ್ಲ ಮಾಡ್ಸಿ, ಏನೂ ಇಲ್ಲ ಅಂತ ಆದ್ಮೇಲೆ ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಓಡ್ತೀರ? ಎಷ್ಟು ತಿಂತೀರ? ಎರಡನೇದಕ್ಕೆ ನಾನು ಚೆನ್ನಾಗೇ ತಿಂತೀನಿ ಡಾಕ್ಟ್ರೆ, ಹೊಟ್ಟೆ ತುಂಬಾ ತಿಂತೀನಿ ಅಂದೆ. ಹೊಟ್ಟೆ ಬಿಡಿ, ಬರ್ಕೊಂಡು ಬನ್ನಿ, ಒಂದು ವಾರ, ತೂಕ ಮಾಡಿ ಅಂದ್ರು. ಆಮೇಲೆ ಸಮಾಧಾನವಾಗಿ ವಿವರಿಸಿದ್ರು. ಮೆದುಳಲ್ಲಿ ಹೈಪೋಥಲಾಮಸ್ ಅಂತ ಒಂದು ಸಣ್ಣ ಭಾಗ ಇದೆ, ಮೈಗೆ ಒಳಗೆ ಬರೋ ಶಕ್ತಿ ಎಷ್ಟು ಖರ್ಚಾಗೋದೆಷ್ಟು ಅನ್ನೋದನ್ನ ಅದು ಗಮನಿಸ್ತಾ ಇರುತ್ತೆ, ಕೊರತೆ ತುಂಬಾ ದಿನ ನಡೆದ್ರೆ ಸದ್ಯಕ್ಕೆ ಬೇಡದ ಕೆಲಸ ಒಂದೊಂದಾಗಿ ನಿಲ್ಲಿಸ್ತಾ ಬರುತ್ತೆ, ಮೊದ್ಲು ನಿಲ್ಲೋದ್ರಲ್ಲಿ ಮುಟ್ಟೂ ಒಂದು. ಮೈ ಬೆಚ್ಚಗಿಡೋದನ್ನೂ ಕಮ್ಮಿ ಮಾಡುತ್ತೆ. ರಾತ್ರಿ ಎಬ್ಬಿಸುತ್ತೆ. ಇದು ವೀಗನ್ ಆಗಿರೋರಿಗೆ ಮಾತ್ರ ಆಗೋದಲ್ಲಮ್ಮ, ಕೋಳಿ ತಿಂದ್ಕೊಂಡು ಓಡೋ ಹುಡುಗೀರಿಗೂ ಆಗುತ್ತೆ, ಖರ್ಚಿಗಿಂತ ಆದಾಯ ಕಮ್ಮಿ ಆದ್ರೆ ಯಾರಿಗಾದ್ರೂ ಆಗುತ್ತೆ ಅಂದ್ರು. ಆ ಒಂದು ಮಾತಿಗೆ ನಂಗೆ ಕಣ್ಣಲ್ಲಿ ನೀರು ಬಂತು, ಯಾಕಂದ್ರೆ ಅಷ್ಟೊತ್ತಿಗೆ ಆ ಕರುಗೂ ನನ್ನ ಮೈಗೂ ಮಧ್ಯೆ ಯಾರ್ನಾದ್ರೂ ಒಬ್ಬರನ್ನ ಆರಿಸ್ಕೋಬೇಕೇನೋ ಅನ್ನೋ ಭಯ ಶುರುವಾಗಿತ್ತು.

ಒಂದು ವಾರ ಅಡುಗೆಮನೆ ತಕ್ಕಡೀಲಿ ತೂಗಿ ಬರ್ದೆ. ದಿನಕ್ಕೆ ಹೆಚ್ಚುಕಮ್ಮಿ 1.8 ಕೆಜಿ ಊಟ. ಕೆಜಿಗಳಲ್ಲಿ ನೋಡಿದ್ರೆ ಯಾರಾದ್ರೂ ಅಬ್ಬಾ ಅನ್ಬೇಕು. ಕ್ಯಾಲೊರಿ ಲೆಕ್ಕ ಹಾಕಿದ್ರೆ ಸರಾಸರಿ 1200 ದಾಟ್ಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿ ಪ್ರಕಾರ 55 ಕೆಜಿ ತೂಕದ ಹೆಂಗಸು ಬರೀ ಕೂತು ಕೆಲಸ ಮಾಡಿದ್ರೂ 1660 ಬೇಕು, ಸ್ವಲ್ಪ ಮೈ ಬಗ್ಗಿಸಿದ್ರೆ 2130. ಓಟಕ್ಕೆ ಕಿಲೋಮೀಟರಿಗೆ ಪ್ರತಿ ಕೆಜಿ ಮೈತೂಕಕ್ಕೆ ಸುಮಾರು 1 ಕ್ಯಾಲೊರಿ ಖರ್ಚಾಗುತ್ತೆ, ಅಂದ್ರೆ ಆರು ಕಿಲೋಮೀಟರಿಗೆ 300. ನಾನು ಓಡಿ ಬಂದು ಕಲ್ಲಂಗಡಿ ತಿಂತಿದ್ದೆ. ಕಲ್ಲಂಗಡಿ 100 ಗ್ರಾಮಿಗೆ 30. ಆ ಪ್ರೋಟೀನ್ ಪುಡಿನೂ ದಂಡ ಆಗಿತ್ತು ಅಂತ ಆಗ ಗೊತ್ತಾಯ್ತು, ಒಲೆಗೆ ಸೌದೆ ಸಾಲ್ದೇ ಹೋದ್ರೆ ಮೈ ಪ್ರೋಟೀನನ್ನೇ ಸೌದೆ ಮಾಡ್ಕೊಂಡು ಉರಿಸುತ್ತೆ, ಮಾಂಸಖಂಡಕ್ಕೆ ಉಳಿಯೋದು ಅಷ್ಟಕ್ಕಷ್ಟೆ.

ಸೌತೆಕಾಯಿ 100 ಗ್ರಾಮಿಗೆ 15 ಕ್ಯಾಲೊರಿ. ಕಡಲೆಕಾಯಿ ಬೀಜ ಅಷ್ಟೇ ತೂಕಕ್ಕೆ 550ರ ಆಸುಪಾಸು. ಒಂದು ಹಿಡಿ ಬೀಜ, 30 ಗ್ರಾಂ, ಅದಕ್ಕೆ ಸಮ ಆಗ್ಬೇಕು ಅಂದ್ರೆ ಒಂದು ಕೆಜಿ ಮೇಲೆ ಸೌತೆಕಾಯಿ ತಿನ್ಬೇಕು. ಸೊಪ್ಪು ತರಕಾರಿ ತಿನ್ಬೇಡಿ ಅಂತ ನಾನು ಹೇಳ್ತಿಲ್ಲ, ನಾನೂ ಇವತ್ತಿಗೂ ದಿನಾ ತಿಂತೀನಿ. ಆದ್ರೆ ಹೊಟ್ಟೆ ಅನ್ನೋದು ಒಂದು ಚೀಲ, ಅದು ಜಾಗ ನೋಡುತ್ತೆ, ನೀರು ನಾರು ತುಂಬಿದ್ರೂ ಸಾಕು ಅಂತ ಹೇಳುತ್ತೆ. ದೊಡ್ಡೋರಿಗೇ ಹಿಂಗಾದ್ರೆ ಚಿಕ್ಕ ಮಕ್ಕಳ ಹೊಟ್ಟೆ ಎಷ್ಟಿರುತ್ತೆ ಯೋಚ್ನೆ ಮಾಡಿ, ಮಕ್ಕಳನ್ನ ವೀಗನ್ ಆಗಿ ಬೆಳೆಸೋರು ದಯವಿಟ್ಟು ಗೊತ್ತಿರೋ ಡಾಕ್ಟರ ಕಣ್ಗಾವಲಲ್ಲೇ ಮಾಡಿ.

ಆ ದೀಪಾವಳಿಗೆ ಊರಿಗೆ ಹೋದೆ. ಅಪ್ಪ ಅಟ್ಟದ ಮೇಲೆ ಕೊಬ್ಬರಿ ನೋಡ್ತಿದ್ರು, ಏಣಿ ಹಿಡ್ಕೋ ಬಾ ಅಂದ್ರು, ನಾನೂ ಹತ್ತಿದೆ. ನಮ್ ಕಡೆ ಮನೆಗಳಲ್ಲಿ ಬಲಿತ ತೆಂಗಿನಕಾಯಿನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದ್ರೆ ಹೆಚ್ಚುಕಮ್ಮಿ ಒಂದು ವರ್ಷ ಅದರ ತಂಟೆಗೆ ಹೋಗಲ್ಲ. ಒಳಗಿನ ನೀರು ನಿಧಾನಕ್ಕೆ ಇಂಗುತ್ತೆ, ತಿರುಳು ಒಣಗಿ ಚಿಪ್ಪಿಂದ ಬಿಟ್ಕೊಳ್ಳುತ್ತೆ. ಅಪ್ಪ ಒಂದೊಂದೇ ಕಾಯಿ ಕಿವಿ ಹತ್ರ ಹಿಡ್ಕೊಂಡು ಅಲ್ಲಾಡಿಸ್ತಿದ್ರು. ಕುಳುಕುಳು ಅಂದ್ರೆ ಇನ್ನೂ ನೀರಿದೆ, ಪಕ್ಕಕ್ಕೆ. ಗಟಗಟ ಅಂತ ಒಳಗೆ ಉಂಡೆ ಬಡೀತು ಅಂದ್ರೆ ಆಯ್ತು, ಅದು ಕೆಳಕ್ಕೆ. ಒಂದನ್ನ ಅಲ್ಲೇ ಒಡೆದು ಕೊಟ್ರು, ಹೊರಗೆ ಕಂದು ಬಣ್ಣ, ಒಳಗೆ ಬೆಳ್ಳಗೆ, ಉಗುರು ಊರಿದ್ರೆ ಎಣ್ಣೆ ಜಿನುಗ್ತು. ಕೈಯಲ್ಲಿ ಹಿಡ್ಕೊಂಡು ಕೂತಾಗ ಆ ವಾರದ ತಕ್ಕಡಿ ಲೆಕ್ಕ ಎಲ್ಲ ಒಂದೇ ಸಲಕ್ಕೆ ಅರ್ಥ ಆದ ಹಂಗಾಯ್ತು. ಹಸಿ ಕಾಯಿ 100 ಗ್ರಾಮಿಗೆ 350ರಿಂದ 400 ಕ್ಯಾಲೊರಿ, ಅದರಲ್ಲಿ ಹತ್ರ ಹತ್ರ ಅರ್ಧ ನೀರು. ಕೊಬ್ಬರಿ 650ರ ಮೇಲೆ. ಮಧ್ಯೆ ಆಗಿದ್ದು ಏನು, ನೀರು ಹೋಯ್ತು ಅಷ್ಟೇ. ನಾನು ವರ್ಷಪೂರ್ತಿ ತಿಂದಿದ್ದೆಲ್ಲ ಕುಳುಕುಳು ಅನ್ನೋ ಊಟ.

ಸಂಜೆ ಹೊಲದ ಕಡೆ ಹೋದಾಗ ರಾಗಿ ತೆನೆ ಬಾಗಿತ್ತು, ಮಧ್ಯೆ ಮಧ್ಯೆ ಅಕ್ಕಡಿ ಸಾಲಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿತ್ತು, ಪಕ್ಕದ ಸಾಲಲ್ಲಿ ಅವರೆ ಬಳ್ಳಿ. ಸಣ್ಣೋಳಿದ್ದಾಗಿಂದ ನೋಡಿದ ಹೊಲಾನೇ ಅದು. ನಮ್ ಸೀಮೇಲಿ ರಾಗಿ ಹೊಲದಲ್ಲಿ ರಾಗಿ ಒಂದನ್ನೇ ಬಿತ್ತೋದು ಹಿಂದೆ ಯಾರೂ ಮಾಡ್ತಿರ್ಲಿಲ್ಲ, ಸಾಲಿಗೊಂದು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಇರ್ಲೇಬೇಕು. ರಾಗಿಯಿಂದ ಮುದ್ದೆ, ಅವರೆಯಿಂದ ಸಾರು, ಹುಚ್ಚೆಳ್ಳಿಂದ ಪುಡಿ ಎಣ್ಣೆ. ನಾನು ಬೆಂಗಳೂರಿಗೆ ಹೋಗಿ ಮುದ್ದೆ ಉಳಿಸ್ಕೊಂಡೆ, ಕಾಳು ಉಳಿಸ್ಕೊಂಡೆ, ಹಳದಿ ಹೂವಿನ ಸಾಲು ಮಾತ್ರ ಕಿತ್ತು ಹಾಕಿದ್ದೆ.

ನಮ್ಮಜ್ಜಿ ಹುಚ್ಚೆಳ್ಳು ಪುಡಿ ಮಾಡ್ತಿದ್ದಿದ್ದು ನೆನಪಿದೆ. ಕಬ್ಬಿಣದ ಬಾಣಲೇಲಿ ಸಣ್ಣ ಉರಿ, ಕರೀ ಬೀಜ ಚಟಪಟ ಅನ್ನೋಕೆ ಶುರುವಾದ ತಕ್ಷಣ ಇಳಿಸ್ಬೇಕು, ಒಂದು ಕ್ಷಣ ತಡ ಆದ್ರೆ ಕಹಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಉಪ್ಪು, ಚೂರು ಹುಣಸೆಹಣ್ಣು ಹಾಕಿ ಒರಳಲ್ಲಿ ಕುಟ್ಟಿದ್ರೆ ಮೊದ್ಲು ಪುಡಿಪುಡಿ ಇರೋದು ಕುಟ್ತಾ ಕುಟ್ತಾ ಎಣ್ಣೆ ಬಿಟ್ಟು ಅಂಟಂಟಾಗುತ್ತೆ. ಅಜ್ಜಿ ಅದನ್ನ ಮುಷ್ಟೀಲಿ ಹಿಡಿದು ಅಮುಕಿ ನೋಡೋರು, ಐದು ಬೆರಳಿನ ಗುರುತು ಹಂಗೇ ನಿಂತ್ರೆ ಸರಿಯಾಗಿದೆ ಅಂತ ಲೆಕ್ಕ. ಆ ಬೀಜದಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಎಣ್ಣೆ. ಬಿಸಿ ಮುದ್ದೆ ಜೊತೆ ಎರಡು ಚಮಚ ಪುಡಿ, ಮೇಲೆ ಒಂದು ಚಮಚ ಎಣ್ಣೆ. ಹೊಲಕ್ಕೆ ಹೋಗೋರಿಗೆ ಅಜ್ಜಿ ಒಂದು ದಿನಾನೂ ಎಣ್ಣೆ ಹಾಕ್ದೆ ಬಡಿಸಿದ್ದು ನಾನು ಕಂಡಿಲ್ಲ.

ಆ ಸಲ ಬೆಂಗಳೂರಿಗೆ ವಾಪಸ್ ಬಂದ್ಮೇಲೆ ನಾನು ಅಡುಗೆ ಬದಲಾಯಿಸಿದ್ದು ತುಂಬಾ ಏನಲ್ಲ. ಅದೇ ಮುದ್ದೆ, ಅದೇ ಸಾರು, ಅದೇ ಇಡ್ಲಿ. ಮುದ್ದೆ ಮೊದ್ಲಿನಕ್ಕಿಂತ ಒಂದೂವರೆಯಷ್ಟು. ಇಡ್ಲಿ ನಾಲ್ಕು, ಕಾಯಿಚಟ್ನಿ ಸಮೇತ. ಪಲ್ಯಕ್ಕೆ ಎಣ್ಣೆ, ಇಳಿಸೋ ಮುಂಚೆ ಕಾಯಿತುರಿ. ನಿಲ್ಲಿಸಿದ್ದ ಓಟ ಮತ್ತೆ ಶುರು ಮಾಡಿದ್ಮೇಲೆ, ಬೆಳಿಗ್ಗೆ ಓಡಿ ಬಂದ ತಕ್ಷಣ ಹುರಿಹಿಟ್ಟು. ಇದನ್ನ ನಾನು ಯಾಕೆ ಮರೆತಿದ್ದೆ ಅಂತ ಬೇಜಾರಾಗುತ್ತೆ ಈಗ. ರಾಗಿಗೆ ನೀರು ಚಿಮುಕಿಸಿ ಅರಳು ಹುರಿದು ಬೀಸಿದ ಹಿಟ್ಟು, ಒಂದು ಬಟ್ಟಲಿಗೆ 50 ಗ್ರಾಂ ಹಿಟ್ಟು, 20 ಗ್ರಾಂ ಬೆಲ್ಲ, 15 ಗ್ರಾಂ ಕೊಬ್ಬರಿ ತುರಿ, ಏಲಕ್ಕಿ, ಕಲಸೋಕೆ ಎರಡು ಚಮಚ ಕಾಯಿಹಾಲು. 350 ಕ್ಯಾಲೊರಿ ಹತ್ರ ಆಗುತ್ತೆ, ಐದು ನಿಮಿಷದಲ್ಲಿ ತಿಂದು ಮುಗಿಸಬಹುದು, ಹೊಟ್ಟೆ ಭಾರ ಅನ್ಸಲ್ಲ. ಬಾಳೆಹಣ್ಣು, ಖರ್ಜೂರ ಬ್ಯಾಗಲ್ಲಿ. ಸಂಜೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಬೆಲ್ಲ.

ಕಡಲೆಕಾಯಿ ಅಂದ್ರೆ, ಅದೇ ಕಾರ್ತಿಕದ ಕಡೇ ಸೋಮವಾರ ಬಸವನಗುಡಿ ಪರಿಷೆಗೆ ಹೋಗಿದ್ದೆ. ಚಿಕ್ಕಂದಿನಿಂದ ಗೊತ್ತಿರೋ ಜಾತ್ರೆ, ಆ ಸಲ ಮಾತ್ರ ಬೇರೆ ಥರ ಕಾಣ್ತು, ರಸ್ತೆ ಎರಡೂ ಕಡೆ ರಾಶಿ ರಾಶಿ ಊಟ ಸುರಿದಿಟ್ಟ ಹಂಗೆ. ಐದು ಸೇರು ತಂದೆ. ಅರ್ಧ ತಿಂದಾಯ್ತು, ಇನ್ನರ್ಧ ಒಣಗಿಸಿ ಬಿಡಿಸಿ ಮೊಸರು ಮಾಡೋಕೆ.

ಹೌದು, ಕಡಲೆಕಾಯಿ ಮೊಸರು. ಮೊಸರನ್ನ ಇಲ್ದೆ ಊಟ ಮುಗಿಸೋದು ನಂಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು, ಅದನ್ನ ಮುಚ್ಚಿಡೋಕೆ ಹೋಗಲ್ಲ. ಒಂದು ಲೋಟ ಬೀಜ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ಮೂರು ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ, ತೆಳು ಬಟ್ಟೇಲಿ ಹಿಂಡಿ, ಆ ಹಾಲನ್ನ ಕಾಯಿಸ್ಬೇಕು. ಪಕ್ಕದಲ್ಲೇ ನಿಂತಿರ್ಬೇಕು, ನೊರೆ ಬೇಗ ಉಕ್ಕುತ್ತೆ, ತಳ ಬೇಗ ಹಿಡಿಯುತ್ತೆ. ಬೆರಳು ಅದ್ದಿದ್ರೆ ತಡ್ಕೊಳ್ಳೋವಷ್ಟು ಬಿಸಿಗೆ ಬಂದಾಗ ಮೊದಲನೇ ಸಲಕ್ಕೆ ಹಸಿಮೆಣಸಿನಕಾಯಿ ತೊಟ್ಟು ಹತ್ತು ಹನ್ನೆರಡು ಹಾಕಿ ಮುಚ್ಚಿಟ್ರೆ ಮಾರನೇ ದಿನಕ್ಕೆ ಹೆಪ್ಪಾಗುತ್ತೆ. ಆ ಮೊದಲನೇದು ಸ್ವಲ್ಪ ಒರಟು, ಹುಳಿ ಜಾಸ್ತಿ, ಆದ್ರೆ ಅದರಲ್ಲಿ ಒಂದು ಚಮಚ ತೆಗೆದು ಎರಡನೇ ಸಲಕ್ಕೆ ಹೆಪ್ಪು ಹಾಕಿದ್ರೆ ಗಟ್ಟಿ ಮೊಸರು. ಬಣ್ಣ ಹಾಲಿನ ಮೊಸರಿನಷ್ಟು ಬಿಳಿ ಬರಲ್ಲ, ಬೂದು ಬೆರೆತ ಬಿಳಿ, ಮೂಸಿದ್ರೆ ಕಡಲೆಕಾಯಿ ವಾಸನೆ ಇದ್ದೇ ಇರುತ್ತೆ. ಅನ್ನ ಕಿವುಚಿ ಕಲಸಿ ಸಾಸಿವೆ, ಇಂಗು, ಕರಿಬೇವು, ಶುಂಠಿ ಒಗ್ಗರಣೆ ಕೊಟ್ರೆ ನಾನಂತೂ ಎರಡು ಸಲ ಹಾಕ್ಕೊಂಡು ತಿಂತೀನಿ. ಅಂಗಡೀಲಿ ಸಿಗೋ ಸಕ್ಕರೆ ಹಾಕದ ಬಾದಾಮಿ ಹಾಲು ತಗೊಳ್ಳೋರು ಒಂದ್ಸಲ ಪ್ಯಾಕೆಟ್ ಹಿಂದೆ ನೋಡಿ, ಸಾಮಾನ್ಯವಾಗಿ 100 ಮಿಲಿಗೆ 15 ಕ್ಯಾಲೊರಿ ಆಸುಪಾಸು ಇರುತ್ತೆ, ಹಸುವಿನ ಹಾಲಿನ ಕಾಲು ಭಾಗನೂ ಅಲ್ಲ. ಕಾಫಿ ಬಣ್ಣಕ್ಕೆ ಅದು ಸಾಕು, ಊಟದ ಲೆಕ್ಕಕ್ಕೆ ಹಿಡೀಬೇಡಿ. ನಾನು ಎರಡು ವರ್ಷದಿಂದ ಕಾಫಿಗೆ ಸೋಯಾ ಹಾಲು.

ಎಣ್ಣೆ ಬಗ್ಗೆ ನಂಗಿದ್ದ ಭಯ ಬಿಡಿಸಿದ್ದು ಆಫೀಸಲ್ಲಿ ಪಕ್ಕ ಕೂರೋ ವಿಜಯಪುರದ ಗೆಳತಿ. ಅವಳ ಡಬ್ಬೀಲಿ ದಿನಾ ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಹಿಂಡಿ ಇಲ್ಲಾಂದ್ರೆ ಗುರೆಳ್ಳು ಹಿಂಡಿ. (ನಮ್ಮ ಹುಚ್ಚೆಳ್ಳೇ ಅವ್ರಿಗೆ ಗುರೆಳ್ಳು.) ಹಿಂಡಿ ಮಧ್ಯೆ ಬೆರಳಲ್ಲಿ ಒಂದು ಗುಂಡಿ ಮಾಡಿ ಅದಕ್ಕೆ ಹಸಿ ಎಣ್ಣೆ ಸುರ್ಕೊಂಡು ಕಲಸ್ತಾಳೆ. ನಾನು ಒಣ ಪುಡಿ ರೊಟ್ಟಿಗೆ ಒತ್ಕೊಂಡು ತಿನ್ನೋದು ನೋಡಿ, ಎಣ್ಣಿ ಇಲ್ಲದ ಹಿಂಡಿ ಹೆಂಗ್ ಗಂಟಲಾಗ ಇಳೀತೈತಿ ನಿಂಗ ಅಂದ್ಲು, ಅಂದವಳೇ ನನ್ನ ತಟ್ಟೆಗೂ ಸುರಿದ್ಲು. ಅವ್ರ ಕಡೆ ಕುಸುಬಿ ಬೀಜ ನೆನೆಸಿ ರುಬ್ಬಿ ಹಾಲು ತೆಗೆದು ಗೋಧಿ ಬೆಲ್ಲ ಹಾಕಿ ಹುಗ್ಗಿ ಮಾಡ್ತಾರೆ ಅಂತ ಹೇಳಿದ್ದೂ ಅವಳೇ. ವೀಗನ್ ಅನ್ನೋ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಲ್ಲಿ, ಡೊನಾಲ್ಡ್ ವಾಟ್ಸನ್ ಮತ್ತು ಜೊತೆಗಾರರು ಸಂಘ ಕಟ್ಟಿದಾಗ. ಹಾಗಾಗಿ ಊಟಾನೂ ಅಲ್ಲಿಂದಲೇ ಬರ್ಬೇಕು ಅನ್ನೋ ಹಂಗೆ ನಾನು ತಾಹಿನಿ ಬಾಟ್ಲಿಗೆ ದುಬಾರಿ ದುಡ್ಡು ಕೊಟ್ಟು ತಂದಿದ್ದೆ. ತಾಹಿನಿ ಅಂದ್ರೆ ರುಬ್ಬಿದ ಎಳ್ಳು. ಎಳ್ಳು ಡಬ್ಬಿ ಅದೇ ಕಪಾಟಲ್ಲಿ, ಅದರ ಕೆಳಗಿನ ಅರೇಲೇ ಇತ್ತು.

ಕೊಬ್ಬರಿ ಎಣ್ಣೆಯನ್ನೇ ಎಲ್ಲದಕ್ಕೂ ಹಾಕ್ಕೊಳ್ಳಿ ಅಂತ ಮಾತ್ರ ನಾನು ಹೇಳಲ್ಲ, ತೆಂಗಿನ ಸೀಮೆಯವಳಾಗಿ ಹೇಳೋಕೆ ಕಷ್ಟ ಆದ್ರೂ. ಅದರಲ್ಲಿ ಬಹುಪಾಲು ಸ್ಯಾಚುರೇಟೆಡ್ ಕೊಬ್ಬು, ಜಾಸ್ತಿ ಆದ್ರೆ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ ಏರುತ್ತೆ. ನನ್ನ ಅಡುಗೆಗೆ ಕಡಲೆಕಾಯಿ ಎಣ್ಣೆ, ಚಳ್ಳಕೆರೆ ಕಡೆಯಿಂದ ತರಿಸ್ತೀನಿ, ಕೊಬ್ಬರಿ ರುಚಿಗೆ ಮತ್ತು ಹುರಿಹಿಟ್ಟಿಗೆ. ಸಕ್ಕರೆ ಕಾಯಿಲೆ, ಹೃದಯದ ತೊಂದ್ರೆ ಇರೋರ ಲೆಕ್ಕ ಬೇರೆ, ತೂಕ ಇಳಿಸ್ಬೇಕಾಗಿರೋರ ಲೆಕ್ಕನೂ ಬೇರೆ, ನಾನು ಹೇಳ್ತಿರೋದು ಹಾಲು ಬಿಟ್ಟ ಮೇಲೆ ಗೊತ್ತಿಲ್ದೇ ಸೊರಗ್ತಿರೋರಿಗೆ. ಮೆಟ್ಟಿಲಲ್ಲಿ ಕಣ್ಣು ಕತ್ತಲಾಗ್ತಿದ್ರೆ, ಎಲ್ರಿಗೂ ಸೆಖೆ ಆಗೋವಾಗ ನಿಮಗೆ ಚಳಿ ಆಗ್ತಿದ್ರೆ, ನಡುರಾತ್ರಿ ಎಚ್ಚರ ಆಗ್ತಿದ್ರೆ, ಮುಟ್ಟು ತಪ್ತಿದ್ರೆ, ದಯವಿಟ್ಟು ಟೆನ್ಷನ್ ಅಂತ ಬಿಡಬೇಡಿ. ಡಾಕ್ಟರಿಗೆ ತೋರಿಸಿ, ಮತ್ತೆ ಒಂದೇ ಒಂದು ವಾರ ತಕ್ಕಡಿ ಇಟ್ಕೊಂಡು ಬರೆದು ನೋಡಿ. ಒಂದು ವಾರ ಸಾಕು, ಜೀವನಪೂರ್ತಿ ಎಣಿಸ್ತಾ ಕೂರೋದು ಬೇಡ, ಅದು ಬೇರೆ ಥರದ ಕಾಯಿಲೆ ಆಗುತ್ತೆ.

ಮೈ ಒಂದೇ ಸಲ ನಂಬ್ಲಿಲ್ಲ. ಓಟ ಎರಡು ತಿಂಗಳು ಪೂರ್ತಿ ನಿಲ್ಲಿಸಿದ್ದೆ, ಅದು ಡಾಕ್ಟರ ಕರಾರು. ಮೊದ್ಲು ವಾಪಸ್ ಬಂದಿದ್ದು ನಿದ್ದೆ, ಮೂರನೇ ವಾರಕ್ಕೆ. ಆಮೇಲೆ ಪಾದ ಬೆಚ್ಚಗಾದ್ವು, ಒಂದು ರಾತ್ರಿ ರಗ್ಗು ಒದ್ದು ಮಲಗಿದ್ದೀನಿ ಅಂತ ಬೆಳಿಗ್ಗೆ ಗೊತ್ತಾಗಿ ಹಾಸಿಗೆ ಮೇಲೆ ಕೂತು ಎಷ್ಟೋ ಹೊತ್ತು ಪಾದ ಮುಟ್ಕೊಂಡಿದ್ದೆ. ಫೆಬ್ರವರೀಲಿ, ಹತ್ತು ತಿಂಗಳಾದ್ಮೇಲೆ, ಆಫೀಸ್ ಬಾತ್‌ರೂಮಲ್ಲಿ ಮುಟ್ಟಾಯ್ತು. ಅಮ್ಮಂಗೆ ಅಲ್ಲಿಂದಲೇ ಫೋನ್ ಮಾಡಿದೆ. ಅಮ್ಮ ಏನೂ ಮಾತಾಡ್ಲಿಲ್ಲ, ಮೂಗು ಎಳೆಯೋ ಸದ್ದು ಕೇಳಿಸ್ತು. ಆಮೇಲೆ, ಹಾಲು ಇಲ್ದೇನೇ ಆಯ್ತಾ ಅಂದ್ರು. ಇಲ್ದೇನೇ ಆಯ್ತಮ್ಮ ಅಂದೆ.

ಈಗ 54 ಕೆಜಿ ಇದ್ದೀನಿ. ವಾರಕ್ಕೆ ಮೂರು ದಿನ ಓಡ್ತೀನಿ, ತಿಂದು ಓಡ್ತೀನಿ. ಊರಿಂದ ಎರಡು ತಿಂಗಳಿಗೊಂದ್ಸಲ ಬಸ್ಸಲ್ಲಿ ಚೀಲ ಬರುತ್ತೆ, ಕೊಬ್ಬರಿ, ಹುರಿಹಿಟ್ಟು, ಹಳೇ ಹಾರ್ಲಿಕ್ಸ್ ಬಾಟ್ಲಿ ತುಂಬಾ ಹುಚ್ಚೆಳ್ಳು ಪುಡಿ. ಮೊದ್ಲೆಲ್ಲ ಫೋನ್ ಮಾಡಿದ ತಕ್ಷಣ ಅಮ್ಮ ಕೇಳ್ತಿದ್ದಿದ್ದು ಹಾಲು ಕುಡಿಯೋಕೆ ಶುರು ಮಾಡಿದ್ಯಾ ಅಂತ. ಮೊನ್ನೆ ಕೇಳಿದ್ರು, ಪುಡಿ ಖಾಲಿ ಆಯ್ತಾ? ಇನ್ನೂ ಅರ್ಧ ಬಾಟ್ಲಿ ಇದೆಯಮ್ಮ ಅಂದೆ. ಕಳಿಸಿ ತಿಂಗಳಾಯ್ತಲ್ಲೇ, ಇಷ್ಟೊತ್ತಿಗೆ ಮುಗೀಬೇಕಿತ್ತಲ್ಲ, ಸರಿಯಾಗಿ ಊಟ ಮಾಡ್ತಿದ್ದೀಯ ತಾನೇ ಅಂದ್ರು. ಫೋನ್ ಹಿಡ್ಕೊಂಡೇ ಎದ್ದು ಹೋಗಿ ತಟ್ಟೆ ತಗೊಂಡೆ.